ಒಂದು ಹೆಸರಿನ ವೃತ್ತಾಂತ: ಇಂಗ್ಲಿಷಿನಲ್ಲಿ ‘ಕ್ರಿಶ್ಚಿಯನ್’ ಶಬ್ದದ ಅರ್ಥವೂ ಪ್ರಯೋಗವೂ

ಇಂಗ್ಲೆಂಡಿನಲ್ಲಿ ಅಚ್ಚಾಗುತ್ತಿದ್ದ ಅರ್ಜಿಯ ನಮೂನೆಗಳಲ್ಲಿ ಅರ್ಜಿದಾರನ ಹೆಸರಿಗಾಗಿ ಬಿಟ್ಟ ಅಂಕಣದ ತಲೆಯ ಮೇಲೆ ‘ಕ್ರಿಶ್ಚಿಯನ್ ನೇಮ್’ ಎಂಬ ಎರಡು ಶಬ್ದಗಳು ಬಹುಕಾಲ ಕಾಣಿಸಿಕೊಳ್ಳುತ್ತಿದ್ದುವು. ಅಂಥ ನಮೂನೆಯನ್ನು ತುಂಬಿದ ವೈಷ್ಣವನಾಗಲಿ ಲಿಂಗವಂತನಾಗಲಿ ಮುಸಲ್ಮಾನನಾಗಲಿ ಆ ಎರಡು ಶಬ್ದಗಳ ಕೆಳಗೆ ತನ್ನ ಹೆಸರನ್ನು ಬರೆದ ಮಾತ್ರಕ್ಕೆ ಮತಾಂತರ ಹೊಂದಿದನೆಂದು ಯಾರೂ ತಿಳಿಯುತ್ತಿರಲಿಲ್ಲ. ಅಲ್ಲಿ ‘ಕ್ರಿಶ್ಚಿಯನ್’ ಎಂದರೆ ಕ್ರೈಸ್ತನೆಂದು ಅರ್ಥವಲ್ಲ. ‘ತಂದೆತಾಯಿಗಳು ಇಟ್ಟ’ ಎಂದು ಮಾತ್ರ ಅರ್ಥ. ಒಂದು ಮತದ ಹೆಸರು ಇಷ್ಟು ಸಾಧಾರಣವಾದ ಲೌಕಿಕ ಕಾರ್ಯಕ್ಕೆ ಇಳಿದುಬಂದುದು ಹೇಗೆ? ಹಾಗೆ ಇಳಿದುಬಂದ ಮೇಲೂ ಅದರ ಮೊದಲಿನ ಬಲವು ಎಷ್ಟರಮಟ್ಟಿಗೆ ಉಳಿದಿದ್ದಿತು? ಈ ಪ್ರಶ್ನೆಗಳು ಕೇವಲ ನಿಘಂಟುಕಾರನಿಗೆ ಸೇರಿದುವಲ್ಲ. ಈ ಒಂದು ಶಬ್ದದ ಬಲದಿಂದ ಮನುಷ್ಯರು ಪ್ರಾಣವನ್ನು ನೀಗಿದ್ದಾರೆ. ಈ ಒಂದು ಶಬ್ದವನ್ನು ನುಡಿಯಲೊಲ್ಲದೆ ಪಾರ್ಲಿಮೆಂಟಿನ ಬಾಗಿಲಲ್ಲಿ ವರ್ಷಗಟ್ಟಲೆ ನಿಂತಿದ್ದಾರೆ. ಆದುದರಿಂದ ಅದರ ಚರಿತ್ರೆ ವಿಚಾರಯೋಗ್ಯವಾದುದು.

ಶಬ್ದದ ಮೂಲವು ಸ್ಪಷ್ಟವಾಗಿದೆ. ಹೀಬ್ರೂ ಭಾಷೆಯ ‘ಮಾಷೀಅಹ್’ ಎಂದರೆ ಅಭಿಷಿಕ್ತ, ಎಣ್ಣೆಯೆರೆದು ಪಟ್ಟಗಟ್ಟಿದವನು. ಗ್ರೀಕರು ಅದನ್ನು ‘ಖ್ರಿಸ್ತೋಸ್’ ಎಂದು ಭಾಷಾಂತರಿಸಿದರು. ಅದಕ್ಕೆ ಹತ್ತಿದ ‘ಇಯಾನುಸ್’ ಎಂಬ ಪ್ರತ್ಯಯವಾದರೋ ಲ್ಯಾಟಿನ್ನಿನದು. ಒಬ್ಬ ನಾಯಕನ ಪಕ್ಷದವರನ್ನೂ ಮನೆಯಾಳುಗಳನ್ನೂ ಸೂಚಿಸಲು ರೋಮನರು ಬಳಸುತ್ತಿದ್ದುದು. ಪಾಂಪೆಯ ಕಡೆಯವರು ‘ಪಾಂಪೆಯಾನಿ’, ಸೀಸರನ ಕಡೆಯವರು ‘ಸೀಸರಿಯಾನಿ’. ಹೀಬ್ರೂ ಭಾವನೆ, ಗ್ರೀಕ್ ಶಬ್ದ, ಲ್ಯಾಟಿನ್ ಪ್ರತ್ಯಯ ಈ ಮೂರೂ ಕೂಡಿದ ಈ ಪದವು ಹುಟ್ಟಿದ್ದು ಸಿರಿಯಾ ಪ್ರಾಂತದ ಅಂತಿಯೋಕ್ಯ ನಗರದಲ್ಲಿ. ಇಂದು ತುರ್ಕಿ ದೇಶಕ್ಕೆ ಸೇರಿರುವ ಅಂತಾಕ್ಯ ಪಟ್ಟಣವೇ ಅದು. ಯೇಸುವಿನ ಶಿಷ್ಯರನ್ನು ಮೊದಲು ಈ ಹೆಸರಿನಿಂದ ಕರೆದುದು ಅಲ್ಲಿಯೇ ಎಂದು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ ೧೧ನೆಯ ಅಧ್ಯಾಯವು ತಿಳಿಸುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಶಿಷ್ಯರು ತಮ್ಮನ್ನು ತಾವು ಹಾಗೆ ಕರೆದುಕೊಂಡರೆಂದು ಆ ಗ್ರಂಥವು ಹೇಳುವುದಿಲ್ಲ. ‘ಹೆಸರಾಯಿತು’ ಎಂಬರ್ಥದಲ್ಲಿ ಹೇಳುತ್ತದೆ. ಅವರು ತಮ್ಮೊಳಗೆ ಬಳಸುತ್ತಿದ್ದ ಮಾತುಗಳು ‘ಸಹೋದರರು’, ‘ಶಿಷ್ಯರು’, ‘ಮಾರ್ಗದವರು’ ಎಂಬಿವೇ. ಹೊಸ ಒಡಂಬಡಿಕೆಯ ಅಷ್ಟೂ ಗ್ರಂಥಗಳಲ್ಲಿ ‘ಕ್ರಿಶ್ಚಿಯನ್’ ಎಂಬ ಪದವು ಬರುವುದು ಮೂರೇ ಕಡೆ: ಅಂತಿಯೋಕ್ಯದ ಪ್ರಸಂಗದಲ್ಲಿ ಒಮ್ಮೆ, ಪೌಲನ ವಿಚಾರಣೆಯಲ್ಲಿ ಅಗ್ರಿಪ್ಪ ರಾಜನ ಬಾಯಲ್ಲಿ ಒಮ್ಮೆ, ಪೇತ್ರನ ಮೊದಲನೆಯ ಪತ್ರದಲ್ಲಿ ಒಮ್ಮೆ. ಈ ಮೂರನೆಯ ಕಡೆಯಲ್ಲಿಯೂ ಅದು ಬಾಧೆಗೆ ಕಾರಣವಾಗುವ ಹೆಸರಾಗಿಯೇ ಬಂದಿದೆ. ಎಂದರೆ ಇದು ಹೊರಗಿನವರು ಅಂಟಿಸಿದ ಹೆಸರೆಂದೂ ಒಳಗಿನವರು ಕಾಲಕ್ರಮದಲ್ಲಿ ಅದನ್ನು ಶಿರಸಾವಹಿಸಿದರೆಂದೂ ಊಹಿಸುವುದು ಯುಕ್ತವಾಗಿದೆ.

ಪದವು ಪುಟ್ಟಿದಾಗಲೇ ಅದಕ್ಕೊಂದು ಗೊಂದಲವೂ ಅಂಟಿಕೊಂಡಿತು. ಗ್ರೀಕಿನಲ್ಲಿ ‘ಖ್ರೇಸ್ತೋಸ್’ ಎಂಬ ಬೇರೊಂದು ಶಬ್ದವಿದೆ. ‘ಒಳ್ಳೆಯವನು’, ‘ಉಪಯುಕ್ತನು’ ಎಂದು ಅದರ ಅರ್ಥ. ಜನರ ನಾಲಗೆಯಲ್ಲಿ ಇವೆರಡೂ ಬೆರೆತುಹೋದುವು. ಕ್ರಿ. ಶ. ೧೯೭ರ ಸುಮಾರಿಗೆ ಬರೆದ ತನ್ನ ಪ್ರತಿಪಾದನಗ್ರಂಥದಲ್ಲಿ ಕಾರ್ಥೇಜಿನ ತೆರ್ತುಲ್ಲಿಯನನು ವಿರೋಧಿಗಳನ್ನು ಇದೇ ನೆಪದಿಂದ ಚುಚ್ಚಿದ್ದಾನೆ: ನೀವು ನಮ್ಮ ಹೆಸರನ್ನು ತಪ್ಪಾಗಿ ಉಚ್ಚರಿಸಿದರೂ ಅದರಿಂದ ಒಳ್ಳೆಯತನವೇ ಧ್ವನಿಸುತ್ತದೆ ಎಂಬುದು ಅವನ ವಾದದ ತಾತ್ಪರ್ಯ. ‘ಕ್ರಿಸ್ತನವನು’ ಎಂಬರ್ಥವೂ ‘ಒಳ್ಳೆಯವನು’ ಎಂಬರ್ಥವೂ ಒಂದರ ನೆರಳಿನಲ್ಲೊಂದು ಸುಳಿಯುವುದು ಇಂದಿನ ಮಾತಲ್ಲ. ಈ ಸಂಗತಿಯನ್ನು ಮುಂದೆ ನೆನೆಯಬೇಕಾಗುವುದು.

ಹೆಸರಿನ ಪ್ರಶ್ನೆಯನ್ನು ನೇರವಾಗಿ ಎತ್ತಿದವನು ಒಬ್ಬ ಸರಕಾರಿ ಅಧಿಕಾರಿ. ಕ್ರಿ. ಶ. ೧೧೨ರ ಸುಮಾರಿನಲ್ಲಿ ಬಿಥೀನಿಯ ಪ್ರಾಂತದ ಅಧಿಪತಿಯಾಗಿದ್ದ ಕಿರಿಯ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದನು. ದಂಡಿಸಬೇಕಾದುದು ಹೆಸರನ್ನೇ, ಅಥವಾ ಆ ಹೆಸರಿನೊಡನೆ ಕೂಡಿದ ಅಪರಾಧಗಳನ್ನೇ ಎಂಬುದು ಅವನ ಸಂದೇಹ. ಉತ್ತರಕ್ಕಾಗಿ ಅವನು ಕಾದು ಕುಳಿತಿರಲಿಲ್ಲ. ಹಿಡಿದು ತಂದವರನ್ನು ‘ನೀನು ಕ್ರಿಸ್ತನವನೋ?’ ಎಂದು ಮೂರು ಸಲ ಕೇಳುತ್ತಿದ್ದನು. ಹೌದೆಂದು ಹಟ ಹಿಡಿದವರನ್ನು ಮರಣಕ್ಕೆ ಕಳುಹುತ್ತಿದ್ದನು. ಅಲ್ಲವೆಂದು ದೇವತೆಗಳಿಗೂ ಚಕ್ರವರ್ತಿಯ ಪ್ರತಿಮೆಗೂ ಧೂಪ ಮದ್ಯಗಳನ್ನರ್ಪಿಸಿ ಕ್ರಿಸ್ತನನ್ನು ಶಪಿಸಿದವರನ್ನು ಬಿಟ್ಟುಬಿಡುತ್ತಿದ್ದನು. ಚಕ್ರವರ್ತಿಯು ಈ ಕ್ರಮವನ್ನು ಒಪ್ಪಿದನು. ಆದರೆ ಅಂಥವರನ್ನು ಹುಡುಕಿಕೊಂಡು ಹೋಗಬಾರದೆಂದೂ ಸಹಿಯಿಲ್ಲದ ದೂರುಗಳನ್ನು ಪುರಸ್ಕರಿಸಬಾರದೆಂದೂ ಅಪ್ಪಣೆ ಕೊಡಿಸಿದನು. ಹೆಸರೇ ಅಪರಾಧವಾಗಬಹುದೆಂಬ ತತ್ತ್ವವು ಹೀಗೆ ರಾಜಮುದ್ರೆಯನ್ನು ಪಡೆಯಿತು.

ಕ್ರಿ. ಶ. ಆರು ಏಳನೆಯ ಶತಮಾನಗಳಲ್ಲಿ ಆಂಗ್ಲ ಜನಾಂಗವು ಈ ಮತವನ್ನು ಸ್ವೀಕರಿಸಿದಾಗ ಶಬ್ದದ ಕಷ್ಟಕಾಲವು ಕಳೆದುಹೋಗಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಕ್ರಿಸ್ಟೆನ್’. ಕೂಸಿಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಡುವುದಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ ‘ಕ್ರಿಸನ್’ ಎನ್ನುವರಷ್ಟೆ. ಹಳೆಯ ರೂಪದಿಂದ ಹುಟ್ಟಿದ ಕ್ರಿಯಾಪದವೇ ಅದು. ‘ಕ್ರಿಸೆಂಡಮ್’ ಎಂಬುದಕ್ಕೆ ಮೊದಲು ಆ ಮತವೆಂದೇ ಅರ್ಥವಿದ್ದು, ಆಮೇಲೆ ಆ ಮತವನ್ನವಲಂಬಿಸಿದ ದೇಶಗಳೆಂಬ ಅರ್ಥವು ನೆಲೆಗೊಂಡಿತು. ೧೬ನೆಯ ಶತಮಾನದಲ್ಲಿ ಗ್ರೀಕ್ ಲ್ಯಾಟಿನ್‌ಗಳ ವ್ಯಾಸಂಗವು ಹೆಚ್ಚಿದಂತೆ ಪಂಡಿತರು ಮೂಲಕ್ಕೆ ಹೊಂದುವಂತೆ ಅಕ್ಷರಗಳನ್ನು ತಿದ್ದಿದರು. ೧೫೨೬ರಲ್ಲಿ ಅಚ್ಚಾದ ಟಿಂಡಲನ ಹೊಸ ಒಡಂಬಡಿಕೆಯಲ್ಲಿ ಅಂತಿಯೋಕ್ಯದ ಶಿಷ್ಯರಿಗೆ ಹಳೆಯ ರೂಪವೇ ಇದೆ. ೧೬೧೧ರ ಅಧಿಕೃತ ಭಾಷಾಂತರದಲ್ಲಿ ಇಂದಿನ ‘ಕ್ರಿಶ್ಚಿಯನ್’ ಎಂಬ ರೂಪವು ಬಂದಿದೆ.

ಊರಿನವರೆಲ್ಲರೂ ಒಂದೇ ಮತದವರಾದಾಗ ಮತದ ಹೆಸರಿಗೆ ಬೇರ್ಪಡಿಸುವ ಕೆಲಸವಿಲ್ಲದೆ ಹೋಗುತ್ತದೆ. ಆಗ ಅದು ‘ಮನುಷ್ಯ’ ಎಂಬುದಕ್ಕೆ ಪರ್ಯಾಯವಾಗುತ್ತದೆ. ಷೇಕ್ಸ್‌ಪಿಯರನ ‘ಟೂ ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದ ಸೇವಕನು ತನ್ನ ನಲ್ಲೆಯನ್ನು ಹೊಗಳುವಾಗ ಬೇಟೆನಾಯಿಯ ಗುಣಗಳನ್ನು ಒಂದು ಕಡೆಯಲ್ಲಿಟ್ಟು, ಇನ್ನೊಂದು ಕಡೆಯಲ್ಲಿಡುವುದು ‘ಬರಿಯ ಮನುಷ್ಯ’ರನ್ನಲ್ಲ, ಬರಿಯ ‘ಕ್ರಿಶ್ಚಿಯನ್’ರನ್ನು. ಇದು ಇಂಗ್ಲಿಷಿನ ವೈಚಿತ್ರ್ಯ ಮಾತ್ರವಲ್ಲ. ರಷ್ಯನ್ ಭಾಷೆಯಲ್ಲಿ ರೈತನಿಗಿರುವ ‘ಕ್ರೆಸ್ತ್ಯಾನಿನ್’ ಎಂಬ ಹೆಸರು ಈ ಶಬ್ದದ ರೂಪಾಂತರವೇ. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಅಯೋಡಿನ್ನಿನ ಅಭಾವದಿಂದ ದೇಹವೂ ಬುದ್ಧಿಯೂ ಬೆಳೆಯದ ಜನರಿದ್ದರು. ಇವರೂ ಪ್ರಾಣಿಗಳಲ್ಲ, ನಮ್ಮಂತೆ ಮನುಷ್ಯರೇ ಎಂಬ ಕರುಣೆಯಿಂದ ಅಲ್ಲಿನವರು ಅವರನ್ನು ಈ ಹೆಸರಿನಿಂದಲೇ ಕರೆದರೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಅಲ್ಲಿನ ಆಡುಮಾತಿನ ‘ಕ್ರೆತಾಂ’ ಇಂಗ್ಲಿಷಿಗೆ ಬಂದು ‘ಕ್ರೆಟಿನ್’ ಆಗಿ, ಕಡೆಗೆ ಬೈಗುಳವಾಯಿತು. ಕರುಣೆಯ ಮಾತು ಬೈಗುಳವಾದುದಕ್ಕೆ ಇದಕ್ಕಿಂತ ದುಃಖಕರವಾದ ನಿದರ್ಶನ ವಿರಳ.

‘ಕ್ರಿಶ್ಚಿಯನ್ ನೇಮ್’ ಎಂಬುದರ ಚರಿತ್ರೆಯೂ ಇದೇ ದಾರಿಯದು. ದೀಕ್ಷಾಸ್ನಾನದ ವೇಳೆಯಲ್ಲಿ ಇಟ್ಟ ಹೆಸರು ವ್ಯಕ್ತಿಯದು, ವಂಶದ ಹೆಸರು ಮನೆತನದ್ದು. ಎಲ್ಲ ಕೂಸುಗಳಿಗೂ ದೀಕ್ಷಾಸ್ನಾನವಾಗುತ್ತಿದ್ದ ಕಾಲದಲ್ಲಿ ಈ ವಿಭಾಗಕ್ಕೆ ಆಕ್ಷೇಪಣೆಯೇ ಹುಟ್ಟಲಿಲ್ಲ. ೧೮೩೭ರ ಜುಲೈ ತಿಂಗಳಿಂದ ಇಂಗ್ಲೆಂಡಿನಲ್ಲಿ ಸರಕಾರವೇ ಜನನಗಳನ್ನು ದಾಖಲೆ ಮಾಡತೊಡಗಿತು. ಹೆಸರಿಗೆ ಇಗರ್ಜಿಯ ಆಧಾರವು ಅವಶ್ಯವಲ್ಲವಾಯಿತು. ಆದರೂ ರೂಢಿಯು ಮುಂದುವರಿದು, ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ನಾನಾ ಮತದ ಜನರು ಅಲ್ಲಿ ನೆಲಸಿದ ಮೇಲೆಯೇ ‘ಮೊದಲ ಹೆಸರು’, ‘ಇಟ್ಟ ಹೆಸರು’ ಎಂಬ ಮಾತುಗಳು ಆ ಸ್ಥಾನವನ್ನು ಕ್ರಮವಾಗಿ ಆಕ್ರಮಿಸಿದುವು.

ಇಷ್ಟರಿಂದ, ಶಬ್ದವು ಸವೆದು ನಿರಪಾಯಕರವಾಯಿತೆಂದು ತಿಳಿಯುವುದು ತಪ್ಪಾದೀತು. ಎಲ್ಲರೂ ‘ಕ್ರಿಶ್ಚಿಯನ್’ರೆಂದು ಭಾವಿಸುವ ಸಮಾಜದಲ್ಲಿ ಹಾಗಲ್ಲದವನ ಗತಿಯೇನು? ‘ವೆನಿಸಿನ ವರ್ತಕ’ ನಾಟಕದ ನ್ಯಾಯಸಭೆಯಲ್ಲಿ ಯೆಹೂದ್ಯ ಶೈಲಾಕನಿಗೆ ಪ್ರಾಣದಾನ ಮಾಡುವಾಗ ವಿಧಿಸಿದ ಷರತ್ತುಗಳಲ್ಲಿ ಒಂದು, ಅವನು ‘ಕ್ರಿಶ್ಚಿಯನ್’ ಆಗಬೇಕೆಂಬುದು. ಬಿಥೀನಿಯದ ನ್ಯಾಯಾಸನದ ಮುಂದೆ ಹೆಸರನ್ನು ಬಿಟ್ಟವನು ಉಳಿದನು. ವೆನಿಸಿನ ನ್ಯಾಯಾಸನದ ಮುಂದೆ ಹೆಸರನ್ನು ಹೊತ್ತವನು ಉಳಿದನು. ಎರಡು ಕಡೆಯಲ್ಲಿಯೂ ಪ್ರಶ್ನೆ ಹೆಸರಿನದೇ ಹೊರತು ನಡತೆಯದಲ್ಲ.

ನಾಟಕದ ಈ ಪ್ರಸಂಗಕ್ಕೆ ಚರಿತ್ರೆಯಲ್ಲಿಯೇ ಒಂದು ಜೊತೆಯುಂಟು. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರು ಸ್ವೀಕರಿಸಬೇಕಾಗಿದ್ದ ಪ್ರಮಾಣವಚನವೊಂದರ ಕೊನೆಯಲ್ಲಿ, ‘ಕ್ರಿಶ್ಚಿಯನ್ನನ ನಿಜವಾದ ಶ್ರದ್ಧೆಯ ಮೇಲೆ’ ಆಣೆಯಿಡುವ ಮಾತು ಸೇರಿದ್ದಿತು. ಲಂಡನ್ ನಗರದ ಮತದಾರರು ೧೮೪೭ರಲ್ಲಿ ಬ್ಯಾಂಕರ್ ಲಿಯೋನೆಲ್ ಡಿ ರಾತ್‌ಸ್ಚೈಲ್ಡನನ್ನು ಆರಿಸಿ ಕಳುಹಿದರು. ಅವನು ಯೆಹೂದ್ಯನು. ಹಳೆಯ ಒಡಂಬಡಿಕೆಯ ಮೇಲೆ ಪ್ರಮಾಣ ಮಾಡಲು ಅವನು ಸಿದ್ಧನಿದ್ದನು. ಆ ಕೆಲವು ಶಬ್ದಗಳನ್ನು ಮಾತ್ರ ಉಚ್ಚರಿಸಲಾರದೆ ಹೋದನು. ಮತದಾರರು ಮತ್ತೆ ಮತ್ತೆ ಅವನನ್ನೇ ಆರಿಸಿದರು. ಕಾಮನ್ಸ್ ಸಭೆಯು ಅನುಕೂಲವಾದ ಮಸೂದೆಗಳನ್ನು ಅಂಗೀಕರಿಸಿದರೆ ಲಾರ್ಡ್ಸ್ ಸಭೆಯು ಅವನ್ನು ತಳ್ಳಿಹಾಕುತ್ತಿತ್ತು. ೧೮೫೧ರಲ್ಲಿ ಇನ್ನೊಬ್ಬ ಯೆಹೂದ್ಯ ಸದಸ್ಯನಾದ ಡೇವಿಡ್ ಸಾಲಮನ್ಸನು ಆ ಶಬ್ದಗಳನ್ನು ಬಿಟ್ಟು ಪ್ರಮಾಣ ಮಾಡಿ, ಸಭೆಯಲ್ಲಿ ಕುಳಿತು ಮತವನ್ನೂ ಹಾಕಿದನು. ಅದಕ್ಕಾಗಿ ನ್ಯಾಯಾಲಯವು ಅವನಿಗೆ ೫೦೦ ಪೌಂಡು ದಂಡ ವಿಧಿಸಿತು. ೧೮೫೮ರ ಶಾಸನವು ಪ್ರಮಾಣದ ಮಾತನ್ನು ನಿರ್ಣಯಿಸುವ ಅಧಿಕಾರವನ್ನು ಆಯಾ ಸಭೆಗೇ ಬಿಟ್ಟುಕೊಟ್ಟ ಬಳಿಕ, ಅದೇ ವರ್ಷದ ಜುಲೈ ೨೬ರಂದು ರಾತ್‌ಸ್ಚೈಲ್ಡನು ತನ್ನ ಸ್ಥಾನದಲ್ಲಿ ಕುಳಿತನು. ಹನ್ನೊಂದು ವರ್ಷ ಅವನನ್ನು ತಡೆದುದು ನಡತೆಯ ದೋಷವಲ್ಲ, ಒಂದು ಶಬ್ದ. ಯೆಹೂದ್ಯ ವಂಶದಲ್ಲಿಯೇ ಹುಟ್ಟಿದ ಡಿಸ್ರೇಲಿಗೆ ಅದೇ ಸಭೆಯ ಬಾಗಿಲು ೧೮೩೭ರಲ್ಲಿಯೇ ತೆರೆದಿತ್ತು. ಏಕೆಂದರೆ ಅವನ ತಂದೆ ೧೮೧೭ರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದನು.

ಇಂಗ್ಲಿಷಿನ ಈ ಶಬ್ದವು ಭಾರತದ ಶಾಸನಗಳನ್ನೂ ಪ್ರವೇಶಿಸಿತು. ೧೮೭೨ರ ಕ್ರೈಸ್ತ ವಿವಾಹ ಶಾಸನದ ಪ್ರಕಾರ ಆ ಮತವನ್ನು ತನ್ನದೆಂದು ಹೇಳಿಕೊಳ್ಳುವವನೇ ‘ಕ್ರಿಶ್ಚಿಯನ್’. ಬೇರಾವ ಪರೀಕ್ಷೆಯೂ ಇಲ್ಲ. ೧೯೨೫ರ ಭಾರತೀಯ ಉತ್ತರಾಧಿಕಾರ ಶಾಸನವಾದರೋ ‘ಇಂಡಿಯನ್ ಕ್ರಿಶ್ಚಿಯನ್’ ಎಂಬವನಿಗೆ ಮತದ ಜೊತೆಗೆ ವಂಶವನ್ನೂ ಸೇರಿಸಿ, ಮಿಶ್ರಣವಿಲ್ಲದ ಏಷ್ಯಾ ಖಂಡದ ಸಂತತಿಯವನು, ಅಥವಾ ಪ್ರಾಮಾಣಿಕವಾಗಿ ಹಾಗೆಂದು ಹೇಳಿಕೊಳ್ಳುವವನು ಎಂದು ಲಕ್ಷಣ ಹೇಳಿದೆ. ಇದು ಶಬ್ದಚಮತ್ಕಾರವಲ್ಲ. ಮರಣಶಾಸನ ಬರೆಯದೆ ತೀರಿಕೊಂಡವನು ಈ ಲಕ್ಷಣದೊಳಕ್ಕೆ ಬಂದರೆ, ಆಸ್ತಿಯ ಆಡಳಿತಪತ್ರವನ್ನು ಪಡೆಯದೆಯೂ ವಾರಸುದಾರರು ನ್ಯಾಯಾಲಯದಲ್ಲಿ ತಮ್ಮ ಹಕ್ಕನ್ನು ಸ್ಥಾಪಿಸಬಹುದು. ಅದರಿಂದ ಹೊರಗುಳಿದ ಆಂಗ್ಲೋ ಇಂಡಿಯನ್ ಕ್ರೈಸ್ತನ ವಾರಸುದಾರರಿಗೆ ಆ ಪತ್ರವು ಬೇಕು. ಒಂದೇ ಇಗರ್ಜಿಯಲ್ಲಿ ಅಕ್ಕಪಕ್ಕ ಮೊಣಕಾಲೂರುವ ಇಬ್ಬರು ಕಾನೂನಿನ ಕಣ್ಣಿಗೆ ಎರಡು ಬಗೆಯವರಾಗುತ್ತಾರೆ.

ಕನ್ನಡದ ಪ್ರಯೋಗವನ್ನು ಇಲ್ಲಿ ಹೋಲಿಸಿ ನೋಡುವುದು ಉಚಿತ. ಬುದ್ಧನಿಂದ ಬೌದ್ಧ, ಜಿನನಿಂದ ಜೈನ, ಶಿವನಿಂದ ಶೈವ ಎಂಬ ತದ್ಧಿತಕ್ರಮವನ್ನೇ ಅನುಸರಿಸಿ ಕನ್ನಡವು ಕ್ರಿಸ್ತನಿಂದ ‘ಕ್ರೈಸ್ತ’ ಎಂಬುದನ್ನು ಸಾಧಿಸಿಕೊಂಡಿದೆ. ಅಂತಿಯೋಕ್ಯದ ಜನರು ಲ್ಯಾಟಿನ್ ಪ್ರತ್ಯಯದಿಂದ ಮಾಡಿದ ಕೆಲಸವನ್ನೇ ಇಲ್ಲಿ ಆದಿವೃದ್ಧಿಯು ಮಾಡಿದೆ. ಕರಾವಳಿಯ ಕೊಂಕಣಿ ಕ್ರೈಸ್ತರು ತಮ್ಮನ್ನು ಕರೆದುಕೊಳ್ಳುವ ‘ಕ್ರಿಸ್ತಾಂವ್’ ಎಂಬ ಹೆಸರು ಪೋರ್ಚುಗೀಸರಿಂದ ಬಂದುದು. ಆದರೆ ಕನ್ನಡದ ‘ಕ್ರೈಸ್ತ’ಕ್ಕೆ ‘ಮನುಷ್ಯ’ನೆಂಬ ಅರ್ಥವಾಗಲಿ ‘ಸಜ್ಜನ’ನೆಂಬ ಅರ್ಥವಾಗಲಿ ಎಂದೂ ಹತ್ತಲಿಲ್ಲ. ಹಲವು ಮತಗಳು ಒಂದೇ ಬೀದಿಯಲ್ಲಿ ಬಾಳುವ ನಾಡಿನಲ್ಲಿ ಮತದ ಹೆಸರು ಮತದ ಹೆಸರಾಗಿಯೇ ಉಳಿಯುವುದು ಸಹಜ.

ಇಂಗ್ಲಿಷಿನಲ್ಲಿ ಮಾತ್ರ, ದಯೆ ತೋರಿದವನನ್ನು ‘ನಿಜವಾದ ಕ್ರಿಶ್ಚಿಯನ್’ ಎಂದು ಹೊಗಳುವ ವಾಡಿಕೆ ವಿಶೇಷವಾಗಿ ಬೆಳೆಯಿತು. ೧೯೫೨ರಲ್ಲಿ ಪ್ರಕಟವಾದ ತಮ್ಮ ‘ಮಿಯರ್ ಕ್ರಿಶ್ಚಿಯಾನಿಟಿ’ ಗ್ರಂಥದ ಮುನ್ನುಡಿಯಲ್ಲಿ ಸಿ. ಎಸ್. ಲೂಯಿಸ್ ಅವರು ಈ ವಾಡಿಕೆಯನ್ನು ಆಕ್ಷೇಪಿಸಿ, ಹೊಗಳಿಕೆಯಾಗಿ ಪರಿಣಮಿಸಿದ ಶಬ್ದವು ವಸ್ತುವನ್ನು ತಿಳಿಸುವ ಶಕ್ತಿಯನ್ನು ಕಳೆದುಕೊಳ್ಳುವುದೆಂದು ವಾದಿಸಿದರು. ವಾದವು ಗ್ರಾಹ್ಯವಾದುದು, ಆದರೆ ತೆರ್ತುಲ್ಲಿಯನನ ಶ್ಲೇಷೆಯನ್ನು ಬಲ್ಲವರಿಗೆ ಈ ಬೆರಕೆ ಹೊಸದಾಗಿ ತೋರದು. ಅಲ್ಲದೆ ಲೂಯಿಸ್ ಅವರು ಎತ್ತಿದುದು ಆಕ್ಷೇಪಣೆಯ ಒಂದು ಮುಖ ಮಾತ್ರ. ಒಳ್ಳೆಯತನಕ್ಕೆ ಒಂದು ಮತದ ಹೆಸರನ್ನಿಟ್ಟರೆ ಆ ಮತದವರಿಗೆ ಅರ್ಥನಷ್ಟವಾಗುವುದು ನಿಜ. ಉಳಿದವರಿಗಾದರೋ ಮಾನನಷ್ಟವೇ ಆಗುತ್ತದೆ. ಅವರ ಸದ್ಗುಣವು ಎರವಲು ತಂದುದೆಂಬ ಧ್ವನಿ ಆ ಹೊಗಳಿಕೆಯಲ್ಲಿ ಅಡಗಿದೆ. ಪ್ರಮಾಣವಚನದಲ್ಲಿ ಆ ಶಬ್ದವನ್ನಿರಿಸಿದವರು, ಕ್ರಿಶ್ಚಿಯನ್ನನಲ್ಲದವನ ಮಾತಿಗೆ ಬೆಲೆಯಿಲ್ಲವೆಂಬುದನ್ನೇ ಶಾಸನವಾಗಿ ಬರೆದಂತಾಯಿತು.

ಎಂದಮೇಲೆ ಶಬ್ದವನ್ನು ಅದರ ಸರಳಾರ್ಥದಲ್ಲಿ, ‘ಆ ಮತವನ್ನು ತನ್ನದೆಂದು ಹೇಳಿಕೊಳ್ಳುವವನು’ ಎಂಬಷ್ಟಕ್ಕೇ, ಬಳಸುವುದು ಎಲ್ಲರಿಗೂ ಕ್ಷೇಮಕರ. ಹಾಗೆ ಬಳಸಿದಾಗ ಅದು ಹೊಗಳಿಕೆಯೂ ಅಲ್ಲ, ದೂಷಣೆಯೂ ಅಲ್ಲ. ವ್ಯಕ್ತಿಯು ತಾನಾಗಿ ಹೇಳಿಕೊಂಡ ಒಂದು ಸಂಗತಿ. ಹತ್ತೊಂಬತ್ತು ಶತಮಾನಗಳ ಹಿಂದೆ ಪ್ಲಿನಿಯು ಕೇಳಿದ ಪ್ರಶ್ನೆಗೆ, ತೂಗಬೇಕಾದುದು ನಡತೆಯನ್ನು, ಹೆಸರನ್ನಲ್ಲ ಎಂಬ ಉತ್ತರವು ಚಕ್ರವರ್ತಿಯಿಂದ ಬರಬೇಕಾಗಿತ್ತು. ಆ ಉತ್ತರವು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ೧೮೫೮ರವರೆಗೂ ಹೊಳೆಯಲಿಲ್ಲ. ಯಾವ ಮತದ ಹೆಸರಿಗೇ ಆಗಲಿ, ಆ ಉತ್ತರವನ್ನು ಮರೆಯುವ ಸಮಾಜವು ಪ್ಲಿನಿಯ ನ್ಯಾಯಾಸನವನ್ನು ಮತ್ತೊಮ್ಮೆ ಹೂಡಿದಂತೆಯೇ ಸರಿ.