ಬಾಕಿ ಬಾಡಿಗೆ ಮತ್ತು ತೆರವು: ಗಡಿಯ ಡಫಳಾಪುರದಿಂದ ಒಂದು ಕಾನೂನು ಪರಿಶೀಲನೆ

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಡಫಳಾಪುರ ಒಂದು ಕಾಲಕ್ಕೆ ಡಫಳೆ ಮನೆತನದ ಪ್ರತ್ಯೇಕ ಜಹಗೀರಾಗಿತ್ತು. 1917ರಲ್ಲಿ ಅದು ಜತ್ತ ಸಂಸ್ಥಾನದೊಳಗೆ ಸೇರಿತು. 1948ರಲ್ಲಿ ಆ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರ ಮೈಸೂರು ರಾಜ್ಯಕ್ಕೆ ಬಂದರೂ ಜತ್ತ ಮುಂಬಯಿಯಲ್ಲಿಯೇ ಉಳಿಯಿತು. ಬಾಡಿಗೆ ನಿಲ್ಲಿಸಿದವನನ್ನು ಬಿಡಿಸುವ ಬಗೆ ಹೇಗೆಂದು ಇಲ್ಲಿಯ ಕನ್ನಡಿಗ ಮಾಲಕನು ಕರ್ನಾಟಕದ ಅಥಣಿಯ ಬೀಗರನ್ನು ಕೇಳಿದರೆ ಸಿಗುವ ಉತ್ತರ ಅವನ ಊರಿಗೆ ಹೊಂದದಿರುವುದು ಈ ಗೆರೆಯಿಂದಾಗಿ.

ಗಡಿಯ ಎರಡೂ ಬದಿಯ ಬಾಡಿಗೆ ಕಾಯ್ದೆಗಳು 1999ರವೇ. ಕರ್ನಾಟಕ ಬಾಡಿಗೆ ಕಾಯ್ದೆಯ 27ನೆಯ ಕಲಮಿನಂತೆ, ಬಾಕಿ ಕೇಳುವ ನೋಟಿಸು ಮುಟ್ಟಿ ಎರಡು ತಿಂಗಳೊಳಗೆ ಪೂರ್ತಿ ಹಣ ಬರದಿದ್ದರೆ ತೆರವಿಗೆ ಆಧಾರ ಹುಟ್ಟುತ್ತದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 15ನೆಯ ಕಲಮು ಇನ್ನೂ ಉದಾರ. ನೋಟಿಸಿನ ಬಳಿಕ 90 ದಿನ ಕಳೆಯುವ ತನಕ ದಾವೆಯನ್ನೇ ಹೂಡುವಂತಿಲ್ಲ. ದಾವೆಯ ಸಮನ್ಸು ಮುಟ್ಟಿದ ಮೇಲೆ ಮತ್ತೆ 90 ದಿನ. ಅಷ್ಟರೊಳಗೆ ಬಾಕಿಯನ್ನು ಶೇಕಡಾ 15ರ ಸರಳ ಬಡ್ಡಿ ಸಮೇತ ಕೋರ್ಟಿಗೆ ಕಟ್ಟಿ, ತೀರ್ಪಿನವರೆಗೆ ಬಾಡಿಗೆಯನ್ನು ತಪ್ಪದೆ ಕಟ್ಟುತ್ತ, ದಾವೆಯ ಖರ್ಚನ್ನೂ ಕೊಟ್ಟರೆ ತೆರವಿನ ಡಿಕ್ರಿ ಆಗದು. ಎರಡು ಖೋಲಿಯ ಬಾಡಿಗೆಯಿಂದಲೇ ಒಲೆ ಹಚ್ಚುವ ಮುದುಕಿಗೆ ಈ ಔದಾರ್ಯ ತುಟ್ಟಿಯೇ. ಆದರೆ ಬಾಡಿಗೆದಾರನಿಗೂ ಇದು ಸಲೀಸಲ್ಲ. ಹಳೆಯ 1947ರ ಮುಂಬಯಿ ಕಾಯ್ದೆಯಡಿ ಬಂದ ಗಣಪತ ಲಾಢಾ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದಿತು.

ಅಂದರೆ ಬಾಕಿ ಇದ್ದ ಮಾತ್ರಕ್ಕೆ ಮನೆ ತೆರವಾಗುವುದಿಲ್ಲ. ತೀರಿಸಲು ಸಿಕ್ಕ ಅವಕಾಶವನ್ನು ಬಾಡಿಗೆದಾರ ಕೈಬಿಟ್ಟನೆಂಬುದು ದಾಖಲೆಯಲ್ಲಿ ಕಾಣಬೇಕು.

ಇದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ವಕೀಲರೂ ಕೆಲವೊಮ್ಮೆ ಇದನ್ನು ದಾಟಿ ಮುಂದೆ ಹೋಗುತ್ತಾರೆ. ಮಹಾರಾಷ್ಟ್ರದ ಕಾಯ್ದೆ ರಾಜ್ಯದ ಎಲ್ಲ ಊರಿಗೂ ತಾನಾಗಿ ಅನ್ವಯಿಸುವುದಿಲ್ಲ. ಅನುಸೂಚಿಯಲ್ಲಿ ಹೆಸರಿಸಿದ ಇಲ್ಲವೆ ಸರಕಾರ ಅಧಿಸೂಚನೆಯಿಂದ ಸೇರಿಸಿದ ಪ್ರದೇಶಗಳಿಗಷ್ಟೇ ಅದರ ಕೈ ಚಾಚುತ್ತದೆ. ಅದರಾಚೆಯ ಹಳ್ಳಿಗಳಲ್ಲಿ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಲ್ಲಿ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 106ನೆಯ ಕಲಮಿನ 15 ದಿನದ ನೋಟಿಸು ಸಾಕು, ಬಾಕಿಯ ಕಾರಣವನ್ನೂ ಹೇಳಬೇಕಿಲ್ಲ. ಅವಧಿ ಗೊತ್ತುಮಾಡಿದ ಕರಾರಾದರೆ ಮಾತು ಬೇರೆ: ಬಾಡಿಗೆ ತಪ್ಪಿದರೆ ಮಾಲಕ ಮರಳಿ ವಶಕ್ಕೆ ಪಡೆಯಬಹುದೆಂಬ ಷರತ್ತು ಅದರಲ್ಲಿಯೇ ಇರಬೇಕು. ಇದ್ದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಖರ್ಚು ಮೂರನ್ನೂ ಮುಂದಿಟ್ಟವನನ್ನು 114ನೆಯ ಕಲಮಿನಡಿ ಕೋರ್ಟು ಉಳಿಸಬಹುದು.

ಎರಡು ದಾರಿಯಲ್ಲೂ ನೋಟಿಸು ಮುಟ್ಟಿಸುವ ರೀತಿ ಒಂದೇ. ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಟಪಾಲಿನಲ್ಲಿ ಕಳಿಸಬಹುದು, ಬಾಡಿಗೆದಾರನ ಕೈಗೋ ಅವನ ಮನೆಯವರ ಕೈಗೋ ಕೊಡಬಹುದು, ಇದಾವುದೂ ಆಗದಿದ್ದರೆ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರೆದುರು ಹೇಳಿದ ಮಾತು ನೋಟಿಸಾಗದು. ಹಳ್ಳಿಯ ಮಾಲಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದು ಎಡವು ಇದಕ್ಕಿಂತ ಸೂಕ್ಷ್ಮವಾದದ್ದು. ಮನೆ ಬಿಡಲು ನೋಟಿಸು ಕೊಟ್ಟು ಅವಧಿ ಮುಗಿದ ಮೇಲೆ, ಸಂಕೋಚಕ್ಕೆ ಬಿದ್ದು ಮುಂದಿನ ತಿಂಗಳ ಬಾಡಿಗೆ ಇಸಿದುಕೊಂಡರೆ, ಆ ನೋಟಿಸನ್ನು ಮಾಲಕನೇ ಬಿಟ್ಟುಕೊಟ್ಟನೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 113ನೆಯ ಕಲಮಿನಡಿ ವಾದಿಸಲು ಎದುರಾಳಿಗೆ ದಾರಿಯಾಗುತ್ತದೆ.

ಬಾಯಿಮಾತಿನ ಕರಾರಿನದೂ ಇದೇ ಪಾಡು. ಮಹಾರಾಷ್ಟ್ರ ಕಾಯ್ದೆ ಅನ್ವಯಿಸುವಲ್ಲಿ 55ನೆಯ ಕಲಮು ಕರಾರನ್ನು ಬರೆದು ನೋಂದಾಯಿಸುವ ಹೊಣೆಯನ್ನು ಮಾಲಕನ ತಲೆಗೆ ಕಟ್ಟಿದೆ. ಅವನು ನೋಂದಾಯಿಸದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಸುಳ್ಳೆಂದು ಸಾಧಿಸುವ ತನಕ, ನಿಲ್ಲುತ್ತದೆ. ಗ್ರಾಮಪಂಚಾಯಿತಿಯ ನಮೂನೆ 8ರ ಉತಾರೆ ಮನೆ ಯಾರ ಹೆಸರಿನಲ್ಲಿದೆಯೆಂದು ತೋರಿಸೀತು, ಬಾಡಿಗೆ ಎಷ್ಟೆಂದು ಅದು ಹೇಳದು.

ತಾಳ್ಮೆಗೆಟ್ಟು ಕೀಲಿ ಜಡಿಯುವವರೂ ಇದ್ದಾರೆ. ನೀರು, ಕರೆಂಟು ಕಡಿಯುವುದನ್ನು ಮಹಾರಾಷ್ಟ್ರ ಕಾಯ್ದೆಯ 29ನೆಯ ಕಲಮು ತಡೆಯುತ್ತದೆ. ಬಲವಂತದಿಂದ ಹೊರಬಿದ್ದವನು ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ದಾವೆ ಹೂಡಿದರೆ, ಒಡೆತನದ ಪ್ರಶ್ನೆ ಎತ್ತದೆಯೇ ವಶ ಮರಳಿ ಪಡೆಯಬಹುದು. ಡಿಕ್ರಿ ಸಿಕ್ಕ ಮೇಲೂ ಮನೆ ಬಿಡಿಸುವವನು ಕೋರ್ಟಿನ ಬೇಲಿಫನೇ. ಇಷ್ಟೆಲ್ಲ ನಡೆಯುವಾಗ ಬಾಕಿಯ ವಸೂಲಿಗೆ ಬೇರೆಯೇ ಗಡುವು ಓಡುತ್ತಿರುತ್ತದೆ: ದಾವೆ ಹೂಡುವುದಕ್ಕೆ ಮೂರು ವರ್ಷಕ್ಕೂ ಹಿಂದೆ ಸಲ್ಲಬೇಕಾಗಿದ್ದ ಬಾಡಿಗೆ ಕಾಲಮಿತಿಗೆ ಸಿಕ್ಕಿ ಕೈತಪ್ಪುತ್ತದೆ.