ನಗಿಸಿ ನಗಿಸಿ ಕೊನೆಗೆ ನಾಲ್ಕು ಸಾಲು

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದೇ ಒಂದು ರಾತ್ರಿಯ ಕಥೆ. 1962ರ ಬೇಸಿಗೆ ಮುಗೀತಾ ಇದೆ. ಊರು ಕ್ಯಾಲಿಫೋರ್ನಿಯಾದ ಮೊಡೆಸ್ಟೊ. ಹೈಸ್ಕೂಲ್ ಮುಗಿಸಿದ ಕರ್ಟ್ ಮತ್ತು ಸ್ಟೀವ್ ಬೆಳಿಗ್ಗೆ ಕಾಲೇಜಿಗೆ ವಿಮಾನ ಹತ್ತಬೇಕು. ಜೊತೆಗೆ ಕನ್ನಡಕದ ಟೆರ್ರಿ, ಸ್ವಲ್ಪ ದೊಡ್ಡವನಾದ ಜಾನ್. ರಾತ್ರಿಯಿಡೀ ಕಾರಲ್ಲಿ ರೌಂಡ್ ಹೊಡೀತಾರೆ, ಪೇಚಿಗೆ ಸಿಕ್ಕಿಹಾಕ್ಕೋತಾರೆ. ಅಷ್ಟೇ ಸಿನಿಮಾ.

ಹೆಸರು 'ಅಮೆರಿಕನ್ ಗ್ರಾಫಿಟಿ'. ಬಂದಿದ್ದು 1973ರಲ್ಲಿ. ನಿರ್ದೇಶಕ ಜಾರ್ಜ್ ಲ್ಯೂಕಾಸ್. ಹೌದು, ಆಮೇಲೆ 'ಸ್ಟಾರ್ ವಾರ್ಸ್' ಮಾಡಿದವರೇ. ಅವರು ಬೆಳೆದದ್ದೂ ಮೊಡೆಸ್ಟೊದಲ್ಲೇ.

ನಾನು ಬಿ.ಕಾಂ. ಓದಿದವನು, ಮೊದಲು ಕಣ್ಣು ಹೋಗೋದು ಲೆಕ್ಕದ ಕಡೆಗೆ. ಒಟ್ಟು ಬಜೆಟ್ ಎಂಟು ಲಕ್ಷ ಡಾಲರ್‌ಗಿಂತ ಕಡಿಮೆ. ಅದರಲ್ಲಿ ಸುಮಾರು 90 ಸಾವಿರ ಹಳೇ ಹಾಡುಗಳ ಹಕ್ಕಿಗೇ ಹೋಯ್ತು. ಹಾಗಾಗಿ ಬೇರೆ ಹಿನ್ನೆಲೆ ಸಂಗೀತ ಮಾಡಿಸೋಕೆ ದುಡ್ಡೇ ಉಳಿಯಲಿಲ್ಲ! ಸಿನಿಮಾ ಪೂರ್ತಿ ಕಾರಿನ ರೇಡಿಯೋ ಹಾಡ್ತಾನೇ ಇರುತ್ತೆ. ಆದ್ರೂ ಬಾಕ್ಸಾಫೀಸಲ್ಲಿ ಹಣ ಸುರಿದದ್ದೇ ಸುರಿದದ್ದು.

ಆದರೆ ನನ್ನನ್ನ ಹಿಡಿದು ಕೂರಿಸಿದ್ದು ಕೊನೆಯ ಅರ್ಧ ನಿಮಿಷ. ಕರ್ಟ್‌ನ ವಿಮಾನ ಹಾರುತ್ತೆ. ಹುಡುಗಿ ಲಾರಿಗೋಸ್ಕರ ಸ್ಟೀವ್ ಊರಲ್ಲೇ ಉಳೀತಾನೆ. ಆಮೇಲೆ ತೆರೆಯ ಮೇಲೆ ನಾಲ್ವರ ಬಗ್ಗೆ ಒಂದೊಂದು ಸಾಲು. 1964ರಲ್ಲಿ ಕುಡಿದು ಕಾರು ಓಡಿಸಿದ ಯಾರೋ ಒಬ್ಬನಿಂದ ಜಾನ್ ಸತ್ತ. ಟೆರ್ರಿ 1965ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ. ಸ್ಟೀವ್ ಅದೇ ಊರಲ್ಲಿ ಇನ್ಶೂರೆನ್ಸ್ ಏಜೆಂಟ್. ಕರ್ಟ್ ಕೆನಡಾದಲ್ಲಿರೋ ಬರಹಗಾರ.

ಕೆನಡಾ ಯಾಕೆ? ಸಿನಿಮಾ ಹೇಳೋದಿಲ್ಲ. 1973ರ ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ. ಸೇನೆಗೆ ಕಡ್ಡಾಯ ಭರ್ತಿ ತಪ್ಪಿಸಿಕೊಳ್ಳೋಕೆ ಸಾವಿರಾರು ಹುಡುಗರು ಗಡಿ ದಾಟಿದ್ದರು. ಆ ಭರ್ತಿ ನಿಂತದ್ದೇ 1973ರ ಜನವರಿಯಲ್ಲಿ. ವಿಯೆಟ್ನಾಂನಲ್ಲಿ ಸತ್ತ ಅಮೆರಿಕದ ಸೈನಿಕರು 58 ಸಾವಿರಕ್ಕೂ ಹೆಚ್ಚು. ಅಲ್ಲಿಯವರ ಲೆಕ್ಕ ಅದರ ಎಷ್ಟೋ ಪಟ್ಟು. ಕಾಲೇಜಲ್ಲಿ ಇದ್ದವರಿಗೆ ಭರ್ತಿಯಿಂದ ವಿನಾಯಿತಿ ಸಿಗ್ತಿತ್ತು. ಹಾಗಾಗಿ 'ಕಾಲೇಜಿಗೆ ಹೋಗ್ಲಾ, ಬೇಡ್ವಾ' ಅಂತ ಕರ್ಟ್ ರಾತ್ರಿಯೆಲ್ಲಾ ಒದ್ದಾಡೋದನ್ನ ಎರಡನೇ ಸಲ ನೋಡಿದಾಗ ನನಗೆ ನಗು ಬರಲಿಲ್ಲ.

ಒಂದು ತಕರಾರೂ ಇದೆ. ಆ ಸಾಲುಗಳಲ್ಲಿ ಲಾರಿ ಇಲ್ಲ, ಡೆಬ್ಬಿ ಇಲ್ಲ, ಪುಟ್ಟ ಹುಡುಗಿ ಕ್ಯಾರಲ್ ಇಲ್ಲ. ವಿಮರ್ಶಕಿ ಪಾಲಿನ್ ಕೇಲ್ ಇದನ್ನ ಆಗಲೇ ಎತ್ತಿ ಆಡಿದ್ದರು. ನನ್ನ ಪ್ರಕಾರ ಕೇಲ್ ಹೇಳಿದ್ದೇ ಸರಿ. ಆ ಹುಡುಗಿಯರು ಮುಂದೇನಾದರು ಅಂತ ನೋಡೋಕೆ 1979ರ ಎರಡನೇ ಭಾಗದವರೆಗೂ ಕಾಯಬೇಕಾಯ್ತು.

ಬೈಯೋಕೆ ಸುಲಭ ಬಿಡಿ. ಹೋದ ತಿಂಗಳು ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಯಾರು ಎಲ್ಲಿದ್ದಾರೆ ಅಂತ ಪಟ್ಟಿ ಮಾಡಿದ್ವಿ. ಬೆಂಗಳೂರು, ದುಬೈ, ಒಬ್ಬ ಬೈಕ್ ಆಕ್ಸಿಡೆಂಟಲ್ಲಿ ಹೋದ. ಇಪ್ಪತ್ತಮೂರು ಹೆಸರು, ಎಲ್ಲಾ ಹುಡುಗರೇ. ನಮ್ಮ ಕ್ಲಾಸಲ್ಲಿ ಹದಿನೇಳು ಹುಡುಗೀರಿದ್ರು. ಇಲ್ಲೀವರೆಗೆ ಇಬ್ಬರ ನಂಬರ್ ಸಿಕ್ಕಿದೆ.

ಮುಂದಿನ ವಾರ ಸಿಗೋಣ.