ಕಲಬುರಗಿ ಪ್ರಾಂತದ ಶಿಲಾನಕ್ಷೆಗಳೂ ಅವುಗಳ ಯಂತ್ರಾರೋಹಣವೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿ, ನಾಲ್ವತ್ತು ಕಿಲೋಮೀಟರಿನೊಳಗಾಗಿ, ಕಮಲಾಪುರವೆಂಬ ಊರಿರುವುದು. ಅಲ್ಲಿಯ ಕೆಂಪು ಬಾಳೆಯು ನಾಡಿಗೆಲ್ಲ ಪರಿಚಿತವಾದುದು. ಭೂವಿಜ್ಞಾನದ ನಕ್ಷೆಯನ್ನು ತೆರೆದು ನೋಡಿದರೆ ಈ ಎರಡು ಊರುಗಳ ನೆಲಕ್ಕೂ ಒಂದೇ ಬಣ್ಣವನ್ನು ಬಳಿದಿರುವುದು ಕಾಣುತ್ತದೆ. ಆ ಬಣ್ಣವು ಕರಿಗಲ್ಲಿನದು, ಎಂದರೆ ದಖ್ಖಣದ ಬಸಾಲ್ಟ್ ಶಿಲೆಯದು. ನೆಲದ ಮೇಲೆ ನಡೆದು ಕಂಡುದು ಟಿಪ್ಪಣಿಯ ಪುಸ್ತಕಕ್ಕೂ, ಅಲ್ಲಿಂದ ಕಾಗದದ ನಕ್ಷೆಗೂ, ಈಗ ಗಣಕಯಂತ್ರದ ನಕ್ಷಾತಂತ್ರಾಂಶಕ್ಕೂ ಏರಿ ಬರುವಾಗ ಏನು ಉಳಿಯುತ್ತದೆ, ಏನು ಜಾರಿಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗುವುದು. ಲೇಖಕನು ಭೂವಿಜ್ಞಾನಿಯಲ್ಲ, ಪಾಠಶಾಲೆಯಲ್ಲಿ ತರ್ಕವನ್ನೂ ಜ್ಯೋತಿಷವನ್ನೂ ಓದಿದವನು. ಆದರೆ ಒಂದು ಪ್ರತಿಯಿಂದ ಇನ್ನೊಂದು ಪ್ರತಿಗೆ ವಿಷಯವನ್ನು ಇಳಿಸುವಾಗ ಹುಟ್ಟುವ ದೋಷಗಳು ಗ್ರಂಥಸಂಪಾದನೆ ಮಾಡುವವರಿಗೆ ಹೊಸವಲ್ಲ. ಆದುದರಿಂದಲೇ ಈ ಪ್ರಯತ್ನ.

1. ನೆಲ ಮತ್ತು ಅದನ್ನು ಅಳೆದವರು

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಕಲಬುರಗಿ, ಕಮಲಾಪುರಗಳ ಕರಿಗಲ್ಲು. ಇಲ್ಲಿಯ ಎರೆಭೂಮಿಯು ಅದರ ಸವಕಳಿಯಿಂದ ಆದುದು. ಕಲಬುರಗಿಯಿಂದ ಆಗ್ನೇಯಕ್ಕೆ ಶಹಾಬಾದ, ವಾಡಿ, ಚಿತ್ತಾಪುರಗಳ ಕಡೆಗೆ ಹೋದರೆ ಕರಿಗಲ್ಲಿನ ಹೊದಿಕೆ ಮುಗಿದು, ಅದಕ್ಕಿಂತ ಬಹು ಪ್ರಾಚೀನವಾದ ಸುಣ್ಣಕಲ್ಲಿನ ಪದರಗಳು ಹೊರಬೀಳುವುವು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಇದೇ. ಸನ್ನತಿಯ ಬೌದ್ಧಶಿಲ್ಪಗಳನ್ನು ಕೆತ್ತಿದುದೂ ಸುಣ್ಣಕಲ್ಲಿನಲ್ಲಿಯೇ. ರಾಷ್ಟ್ರಕೂಟರ ಮಾನ್ಯಖೇಟವು ನಿಂತುದೂ ಸುಣ್ಣಕಲ್ಲಿನ ನಾಡಿನಲ್ಲಿಯೇ. ಈ ಪದರಗಳ ಸಮೂಹಕ್ಕೆ ಭೀಮಾನದಿಯ ಹೆಸರೇ ನಿಂತಿದೆ. ಹೊರಗೆ ಕಾಣುವ ಅದರ ವಿಸ್ತಾರವು ಸುಮಾರು 5,200 ಚದರ ಕಿಲೋಮೀಟರು.

ಶಿಲೆಯನ್ನು ಗುರುತಿಸುವ ಮೊದಲು ಸ್ಥಳವನ್ನು ಅಳೆಯಬೇಕಷ್ಟೆ. 1802ರಲ್ಲಿ ಮದರಾಸಿನಲ್ಲಿ ತ್ರಿಕೋನಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ನನು 1815ರಲ್ಲಿ ಬೀದರಿನ ಸಮೀಪ ಒಂದು ಆಧಾರರೇಖೆಯನ್ನು ಅಳೆದನು. ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನು ಭೂಮಿಯ ಆಕಾರಕ್ಕೆ 1830ರಲ್ಲಿ ಕೊಟ್ಟ ಪರಿಮಾಣಗಳು ನಮ್ಮ ದೇಶದ ನಕ್ಷೆಗಳಿಗೆ ದೀರ್ಘಕಾಲ ಆಧಾರವಾಗಿದ್ದುವು. ಶಿಲೆಗಳ ಕೆಲಸವು ಬಳಿಕ ಬಂದಿತು. 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಸ್ಥಾಪಿತವಾಯಿತು. ಅದರಲ್ಲಿ ಸೇವೆಗೈದ ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ದಕ್ಷಿಣ ಮಹಾರಾಷ್ಟ್ರ ಪ್ರಾಂತ ಮತ್ತು ಅದರ ನೆರೆಯ ಜಿಲ್ಲೆಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಭೀಮಾ ಶಿಲೆಗಳನ್ನು ಕೆಳಗಿನವು, ಮೇಲಿನವು ಎಂದು ಎರಡಾಗಿ ವಿಂಗಡಿಸಿದನು. 1940ರ ದಶಕದಲ್ಲಿ ಸಿ. ಮಹಾದೇವನ್ ಅವರು ಹೈದರಾಬಾದು ಸಂಸ್ಥಾನದ ಭೂಶೋಧನ ಇಲಾಖೆಯಿಂದ ಈ ಜಿಲ್ಲೆಯ ಶಿಲೆಗಳನ್ನು ಪುನಃ ಪರಿಶೀಲಿಸಿದರು. 1975ರಲ್ಲಿ ಜನಾರ್ದನ ರಾವ್ ಮೊದಲಾದವರು ಈ ಸಮೂಹವನ್ನು ರಬ್ಬನಪಳ್ಳಿ, ಶಹಾಬಾದ, ಹಲ್ಕಲ್, ಕಟಮದೇವರಹಳ್ಳಿ, ಹರವಾಳ ಎಂಬ ಐದು ಸ್ತರಗಳಾಗಿ ವಿವರಿಸಿದರು. ಹೀಗೆ ಒಂದೇ ನೆಲಕ್ಕೆ ಒಂದು ಶತಮಾನದಲ್ಲಿ ಹಲವು ಪಾಠಗಳು ದೊರೆತಿವೆ.

2. ದೇಶಾಂತರ ಸಂಸ್ಕಾರ

ಈ ಪಾಠಗಳನ್ನು ಇಂದು ಗಣಕಯಂತ್ರಕ್ಕೆ ಏರಿಸುವ ಕ್ರಮವು ಹೀಗಿದೆ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಪ್ರತಿಯೊಂದು ತಾಣಕ್ಕೂ ಸಂಖ್ಯೆ, ಅಕ್ಷಾಂಶ, ರೇಖಾಂಶ, ಶಿಲೆಯ ಹೆಸರು, ಪದರವು ಯಾವ ದಿಕ್ಕಿಗೆ ಎಷ್ಟು ಬಾಗಿದೆ ಎಂಬ ಅಳತೆ, ಮಾದರಿಯ ಗುರುತು ಇರುವುವು. ಇವನ್ನು ಕೋಷ್ಟಕವಾಗಿ ಬರೆದು ತಂತ್ರಾಂಶಕ್ಕೆ ಒಪ್ಪಿಸಿದರೆ ಒಂದೊಂದು ಪಂಕ್ತಿಯೂ ಒಂದೊಂದು ಬಿಂದುವಾಗುತ್ತದೆ. ಹಳೆಯ ಕಾಗದದ ನಕ್ಷೆಯಾದರೆ ಅದರ ಪಡಿಯಚ್ಚನ್ನು ತೆಗೆದು, ಅದರಲ್ಲಿಯೂ ನೆಲದಲ್ಲಿಯೂ ಸ್ಥಿರವಾಗಿರುವ ಗುರುತುಗಳನ್ನು ಪರಸ್ಪರ ಹೊಂದಿಸಬೇಕು. ಕಲಬುರಗಿಯ ಕೋಟೆಯೊಳಗಿನ, 1367ರಲ್ಲಿ ಕಟ್ಟಿದ, ಜಾಮಿ ಮಸೀದಿಯಂತಹ ಕಟ್ಟಡಗಳು ಇದಕ್ಕೆ ಯೋಗ್ಯವಾದುವು.

ಇಲ್ಲಿ ಸಂಭವಿಸುವ ಪ್ರಮಾದಗಳು ಲಿಪಿಕಾರರ ಪ್ರಮಾದಗಳನ್ನೇ ಹೋಲುತ್ತವೆ. ಮೊದಲನೆಯದು ವ್ಯತ್ಯಾಸ. ಕಲಬುರಗಿಯ ಅಕ್ಷಾಂಶ 17.33, ರೇಖಾಂಶ 76.83. ಇವೆರಡನ್ನು ಅದಲುಬದಲಾಗಿ ಬರೆದರೆ ನಮ್ಮ ನಗರವು ಉತ್ತರಧ್ರುವದ ಕಡೆಯ ಸ್ಪಿಟ್ಸ್‌ಬರ್ಗೆನ್ ದ್ವೀಪದ ದಕ್ಷಿಣಾಗ್ರದ ಸಮೀಪಕ್ಕೆ ಹೋಗಿ ಬೀಳುವುದು. ಇದು ಹಾಸ್ಯಾಸ್ಪದವಾದುದರಿಂದ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ಅಷ್ಟು ಸುಲಭವಾಗಿ ಕಾಣುವುದಿಲ್ಲ. 17 ಅಂಶ 20 ಕಲೆ ಎಂಬುದನ್ನು 17.20 ಎಂದು ಬರೆದರೆ, ಅಂಶಕ್ಕೆ ಅರುವತ್ತು ಕಲೆಗಳೆಂಬ ಗಣನೆಯು ದಶಮಾಂಶದಲ್ಲಿ ಕಲೆತುಹೋಗಿ, ತಾಣವು 14 ಕಿಲೋಮೀಟರಿಗೂ ಅಧಿಕವಾಗಿ ದಕ್ಷಿಣಕ್ಕೆ ಸರಿಯುವುದು. ಕರಿಗಲ್ಲಿನ ತಾಣವು ಸುಣ್ಣಕಲ್ಲಿನ ನೆಲವನ್ನು ಸೇರಲು ಇಷ್ಟು ಸಾಕು. ಮೂರನೆಯದು ನಾಮಸಾಮ್ಯ. ಹಂಪೆಯ ಬಳಿಯಲ್ಲಿಯೂ ಒಂದು ಕಮಲಾಪುರವಿದೆ. ಅದು ಇಲ್ಲಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಅಲ್ಲಿಯದು ಗ್ರಾನೈಟಿನ ಬಂಡೆಗಳ ನಾಡು. ಹೆಸರನ್ನು ಮಾತ್ರ ಕೊಟ್ಟು ಸ್ಥಳವನ್ನು ಯಂತ್ರವೇ ಹುಡುಕಲೆಂದು ಬಿಟ್ಟರೆ ಬಸಾಲ್ಟಿನ ಮಾದರಿಯು ತುಂಗಭದ್ರೆಯ ತೀರದಲ್ಲಿ ಕಾಣಿಸಿಕೊಂಡೀತು. ಶಾಸನಗಳ ತಾಣಗಳನ್ನು ನಕ್ಷೆಗೆ ಏರಿಸುವ ನಮ್ಮ ಸಂಶೋಧಕರಿಗೂ ಈ ಎಚ್ಚರಿಕೆಯು ಅವಶ್ಯ.

ನಾಲ್ಕನೆಯದು ಅತ್ಯಂತ ಗೂಢವಾದುದು. ಪಂಚಾಂಗವನ್ನು ಗುಣಿಸುವವರು ಉಜ್ಜಯಿನಿಯ ಮಧ್ಯರೇಖೆಯಿಂದ ತಮ್ಮ ಊರಿಗಿರುವ ಅಂತರವನ್ನು ತಿಳಿದು ದೇಶಾಂತರ ಸಂಸ್ಕಾರವನ್ನು ಮಾಡುವರು. ಕಲಬುರಗಿಯು ಉಜ್ಜಯಿನಿಗೆ ಸುಮಾರು ಒಂದು ಅಂಶ ಪೂರ್ವಕ್ಕಿರುವುದರಿಂದ ಸುಮಾರು ಹತ್ತು ವಿಘಳಿಗೆಗಳ ಭೇದವುಂಟು. ನಕ್ಷೆಗಳಿಗೂ ಇಂತಹ ಸಂಸ್ಕಾರವು ಬೇಕು. ಭಾರತದ ಹಳೆಯ ನಕ್ಷೆಗಳ ರೇಖಾಂಶಗಳು ಮದರಾಸಿನ ವೇಧಶಾಲೆಯನ್ನು ಅವಲಂಬಿಸಿದ್ದುವು. ಆ ವೇಧಶಾಲೆಯ ರೇಖಾಂಶವೇ ಅಧಿಕವಾಗಿ ಗಣಿತವಾಗಿದ್ದಿತು. 1905ರಲ್ಲಿ 2 ಕಲೆ 27 ವಿಕಲೆಗಳನ್ನು ಕಳೆಯಬೇಕೆಂದು ನಿರ್ಣಯವಾಯಿತು. ನಮ್ಮ ಅಕ್ಷಾಂಶದಲ್ಲಿ ಇದು 4 ಕಿಲೋಮೀಟರಿಗೂ ಹೆಚ್ಚು. ಅನಂತರ, 2005ರ ರಾಷ್ಟ್ರೀಯ ನಕ್ಷಾನೀತಿಯ ಮೇರೆಗೆ ಸಾರ್ವಜನಿಕರ ನಕ್ಷೆಗಳಿಗೆ ಎವರೆಸ್ಟನ ಪರಿಮಾಣವನ್ನು ಬಿಟ್ಟು, ಜಗತ್ತಿಗೆಲ್ಲ ಸಮಾನವಾಗಿ 1984ರಲ್ಲಿ ನಿಶ್ಚಯಿಸಿದ ಪರಿಮಾಣವನ್ನು ಸ್ವೀಕರಿಸಲಾಯಿತು. ಈ ಎರಡರ ನಡುವೆ ಇಲ್ಲಿ ನೂರು ಮೀಟರಿಗೂ ಮೀರಿದ ಅಂತರವುಂಟು. ಯಾವ ಹಾಳೆಯು ಯಾವ ಪರಿಮಾಣದ್ದೆಂಬುದನ್ನು ತಂತ್ರಾಂಶಕ್ಕೆ ತಿಳಿಸಿದರೆ ಅದು ಸಂಸ್ಕಾರವನ್ನು ತಾನೇ ಮಾಡುವುದು. ತಿಳಿಸದಿದ್ದರೆ ತಪ್ಪನ್ನೇ ಅಂದವಾಗಿ ಚಿತ್ರಿಸುವುದು.

3. ಪ್ರತ್ಯಕ್ಷ, ಅನುಮಾನ, ಶಬ್ದ

ಸ್ಥಾನದೋಷಗಳನ್ನು ಗಣಿತದಿಂದ ತಿದ್ದಬಹುದು. ಗಣಿತದಿಂದ ತಿದ್ದಲಾಗದ ದೋಷವೊಂದುಂಟು. ಈ ಲೇಖನದ ಮುಖ್ಯ ವಿಷಯವು ಅದೇ.

ಕರಿಗಲ್ಲು ಮುಗಿದು ಸುಣ್ಣಕಲ್ಲು ತೊಡಗುವ ಗೆರೆಯನ್ನು ಭೂವಿಜ್ಞಾನಿಯು ಎಲ್ಲೆಡೆಯೂ ಕಾಣಲಾರನು. ಹಳ್ಳದ ಕೊರಕಲಿನಲ್ಲಿ, ಕಲ್ಲುಗಣಿಯಲ್ಲಿ, ಬಾವಿಯ ಗೋಡೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ. ನಡುವೆ ಎರೆಮಣ್ಣು ಮುಚ್ಚಿರುತ್ತದೆ. ಕಂಡಲ್ಲಿ ಅಖಂಡವಾದ ಗೆರೆಯನ್ನೂ, ಊಹಿಸಿದಲ್ಲಿ ತುಂಡುಗೆರೆಯನ್ನೂ, ಮುಚ್ಚಿಹೋದಲ್ಲಿ ಚುಕ್ಕೆಗಳನ್ನೂ ಎಳೆಯುವುದು ಆ ಶಾಸ್ತ್ರದ ಸಂಪ್ರದಾಯ. ಇದು ನಮ್ಮ ನೈಯಾಯಿಕರ ವಿಭಾಗವೇ ಅಲ್ಲವೆ? ಅಖಂಡರೇಖೆಯು ಪ್ರತ್ಯಕ್ಷ, ತುಂಡುರೇಖೆಯು ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿದಂತೆ, ಅನುಮಾನ, ಹಿಂದಿನವರ ನಕ್ಷೆಯನ್ನು ನಂಬಿ ಎಳೆದುದು ಶಬ್ದ. ಪ್ರಮಾಣಭೇದವನ್ನು ಮರೆತರೆ ಜ್ಞಾನಕ್ಕೂ ಭ್ರಮೆಗೂ ಭೇದವಿಲ್ಲದಾಗುವುದು.

ತಂತ್ರಾಂಶದಲ್ಲಿ ಗೆರೆಯನ್ನು ಎಳೆಯುವವನು ಈ ಭೇದಕ್ಕೆಂದು ಕೋಷ್ಟಕದಲ್ಲಿ ಒಂದು ಕಾಲಮನ್ನು ಬಿಡದಿದ್ದರೆ ಮೂರು ಬಗೆಯ ಗೆರೆಗಳೂ ಒಂದೇ ಆಗಿಬಿಡುವುವು. ಯಂತ್ರಕ್ಕೆ ಸಂಶಯವೆಂಬುದಿಲ್ಲ. 1ಕ್ಕೆ 50,000ದ ಮಾನದ ನಕ್ಷೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆಯು ನೆಲದ ಮೇಲೆ 25 ಮೀಟರು ಅಗಲವಾಗುವುದು. ಕಾಗದದಲ್ಲಿ ಆ ದಪ್ಪವೇ ಓದುಗನಿಗೆ ಎಚ್ಚರಿಕೆ. ಪರದೆಯ ಮೇಲೆಯಾದರೋ ಎಷ್ಟು ಹಿಗ್ಗಿಸಿದರೂ ಗೆರೆಯು ಕೂದಲಿನಂತೆ ಸಣ್ಣದಾಗಿಯೇ ಇದ್ದು, ಇಂತಹವನ ಹೊಲದ ಬದುವಿನಲ್ಲಿಯೇ ಸುಣ್ಣಕಲ್ಲು ಆರಂಭವಾಗುವುದೆಂದು ಹೇಳುವಂತೆ ತೋರುವುದು. ಅದನ್ನು ನಂಬಿ ಕೊಳವೆಬಾವಿಯನ್ನು ಕೊರೆಸುವವರಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಬಣ್ಣದ ವಿಷಯವೂ ಹೀಗೆಯೇ. ಕಲಬುರಗಿ, ಕಮಲಾಪುರಗಳ ಮೇಲೆ ಬಳಿದ ಬಣ್ಣವು ಮೇಲಿನ ಶಿಲೆಯನ್ನು ಮಾತ್ರ ಹೇಳುತ್ತದೆ. ಕೆಳಗೇನಿದೆ ಎಂಬುದನ್ನು ಹೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ನೆರೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಮಡಿದರು. ಅಲ್ಲಿಯೂ ನೆಲವು ಕರಿಗಲ್ಲೇ. ಆಮೇಲೆ ಕೊರೆದು ನೋಡಿದಾಗ ಆ ಹೊದಿಕೆಯ ದಪ್ಪವು 338 ಮೀಟರೆಂದು ತಿಳಿದುಬಂದಿತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲವು ಮತ್ತೆ ಮತ್ತೆ ನಡುಗಿ, ಜನರು ಮನೆಗಳೊಳಗೆ ಮಲಗಲು ಅಂಜಿದರು. ಒಂದೇ ಬಣ್ಣವನ್ನು ಕಂಡು ಒಂದೇ ನೆಲವೆಂದು ಭಾವಿಸಬಾರದೆಂಬುದಕ್ಕೆ ಇವಕ್ಕಿಂತ ಬೇರೆ ನಿದರ್ಶನವು ಬೇಡ.

4. ಉಪಸಂಹಾರ

ಯಂತ್ರಾರೋಹಣವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಸರ್ವೇಕ್ಷಣ ಸಂಸ್ಥೆಯ ಭೂಕೋಶವೂ, 2023ರ ಡಿಸೆಂಬರಿನಲ್ಲಿ ತೆರೆದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವೂ ಹಿಂದೆ ಕೆಲವರ ಕಪಾಟುಗಳಲ್ಲಿದ್ದ ನಕ್ಷೆಗಳನ್ನು ಸರ್ವರಿಗೂ ದೊರಕುವಂತೆ ಮಾಡಿವೆ. ಫೂಟನ ನಕ್ಷೆಯನ್ನು ಇಂದಿನ ನಕ್ಷೆಯ ಮೇಲಿಟ್ಟು ನೋಡುವ ಸೌಕರ್ಯವು ಹಿಂದಿನವರಿಗೆ ಇರಲಿಲ್ಲ. ಆದರೆ ಉತ್ತಮ ಸಂಪಾದಕನು ಮೂಲಪ್ರತಿ ಯಾವುದು, ತ್ರುಟಿತವಾದುದು ಎಲ್ಲಿ, ತಾನು ಊಹಿಸಿ ತುಂಬಿದ ಅಕ್ಷರ ಯಾವುದು ಎಂಬುದನ್ನು ಪ್ರತ್ಯೇಕವಾಗಿ ತೋರಿಸುವನು. ಶಿಲಾನಕ್ಷೆಯನ್ನು ಯಂತ್ರಕ್ಕೇರಿಸುವವರೂ ಪ್ರತಿಯೊಂದು ಗೆರೆಯೊಡನೆ ಅದು ಕಂಡುದೋ, ಊಹಿಸಿದುದೋ, ಕೇಳಿದುದೋ ಎಂಬುದನ್ನೂ, ಕಂಡವರ ಹೆಸರನ್ನೂ ವರ್ಷವನ್ನೂ ಬರೆದಿಡಬೇಕು. ನಮ್ಮ ವಿದ್ಯಾರ್ಥಿಗಳಿಗೆ ಪಾಠಭೇದಗಳನ್ನು ಕಲಿಸುವ ಅಧ್ಯಾಪಕರು ಇಂತಹ ನಕ್ಷೆಯೊಂದನ್ನೂ ಒಂದು ದಿನ ಮುಂದಿಟ್ಟು ಓದಿಸಿದರೆ, ಎರಡು ಶಾಸ್ತ್ರಗಳ ವಿವೇಕವೂ ಒಂದೇ ಎಂಬುದು ಅವರಿಗೆ ಮನವರಿಕೆಯಾಗುವುದೆಂದು ನಾನು ನಂಬಿರುವೆನು. ದೋಷಗಳಿದ್ದರೆ ತಜ್ಞರು ತಿಳಿಸಬೇಕಾಗಿ ಪ್ರಾರ್ಥನೆ.